ಲೋಗೋ ಮಸುಕಾದದ್ದು ಅಚ್ಚಿನ ತಪ್ಪಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಜೊತೆ ಬಂದ ದೇವಸ್ಥಾನದ ಬ್ರಹ್ಮಕಲಶೋತ್ಸವದ ಪುರವಣಿಯಲ್ಲಿ ಬದಿಯಡ್ಕದ ಒಂದು ಬೇಕರಿಯ ಜಾಹೀರಾತು ಇತ್ತು. ನೀವು ಗಮನಿಸಿರಲಿಕ್ಕಿಲ್ಲ. ನಾನು ಗಮನಿಸಿದೆ. ಬೇಕರಿಯ ಲೋಗೋ ಆವಿ ಹಿಡಿದ ಗಾಜಿನ ಆಚೆ ಇಟ್ಟ ಹಾಗೆ ಕಾಣುತ್ತಿತ್ತು. ಹಳದಿ ಹಿನ್ನೆಲೆಯ ಮೇಲೆ ಅದರ ಸುತ್ತ ಒಂದು ಬಿಳಿ ಚೌಕ, ಅಂಗಿಗೆ ಹಾಕಿದ ತೇಪೆಯ ಹಾಗೆ.

ಬೆಳಿಗ್ಗೆ ಏಳೂವರೆಗೇ ಬೇಕರಿಯವರ ಫೋನ್. "ಪೇಪರಿನವರು ಎಂತ ಮಾಡಿಟ್ಟಿದ್ದಾರೆ ನೋಡಿ!" ನಾನೂ ಸುಮ್ನೆ ಹೂಂಗುಟ್ಟಿದೆ. ಆಮೇಲೆ ಚಹಾ ಕುಡಿಯುವಾಗ ನಾಚಿಕೆ ಆಯಿತು. ಪೇಪರಿನವರದ್ದು ಇದರಲ್ಲಿ ಎಂತದೂ ಇಲ್ಲ. ಆ ಲೋಗೋ ಮಾಡಿದವಳು ನಾನು. ಅದನ್ನು ಹಾಳು ಮಾಡಿದವಳೂ ಸುಮಾರಿಗೆ ನಾನೇ. ಬೇಕರಿಯವರಿಗೆ ಅವತ್ತೇ ಮಧ್ಯಾಹ್ನ ಫೋನ್ ಮಾಡಿ ಒಪ್ಪಿಕೊಂಡೆ. ನಿಮಗೂ ಹೇಳಬೇಕಲ್ವಾ, ಅದಕ್ಕೆ ಈ ಪತ್ರ.

ಆದದ್ದು ಹೀಗೆ. 2021ರಲ್ಲಿ ಲೋಗೋ ಮುಗಿಸಿ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದ್ದೆ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಬೇಕರಿಯವರು ಅದನ್ನು ಪ್ರೊಫೈಲ್ ಚಿತ್ರ ಮಾಡಿಕೊಂಡರು. ನಡುವೆ ಫೋನ್ ಬದಲಾಯಿತು, ಹಳೆ ಚಾಟ್ ಹೋಯಿತು. ನಿಮ್ಮ ಏಜೆಂಟರು ಲೋಗೋ ಕೇಳಿದಾಗ ಮಗ ಪ್ರೊಫೈಲ್ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ಕಳಿಸಿದ. ಅಪ್ಪ ಏಜೆಂಟರಿಗೆ, ಏಜೆಂಟರು ಕಚೇರಿಗೆ. ನಿಮ್ಮಲ್ಲಿ ಪುಟ ಕಟ್ಟುವವರ ಕೈಗೆ ಸಿಕ್ಕಿದ್ದು ಮೂರು ಸಲ ಹಾಲು ಹಿಂಡಿ ಬಿಸಾಡಿದ ಕಾಯಿತುರಿ. ಎರಡು ಇಂಚು ಅಗಲದ ಲೋಗೋ ಒಳ್ಳೆಯ ಕಾಗದದಲ್ಲಿ ಚಂದ ಬರಬೇಕಾದರೆ ಇಂಚಿಗೆ 300ರ ಲೆಕ್ಕದಲ್ಲಿ ಅಡ್ಡಕ್ಕೆ 600 ಪಿಕ್ಸೆಲ್ ಬೇಕು. ಅವರು ಕಳಿಸಿದ್ದನ್ನು ನಾನು ಆಮೇಲೆ ತರಿಸಿ ನೋಡಿದೆ. ಇದ್ದದ್ದು 180. ಅದರಲ್ಲಿ ಅಷ್ಟಾದರೂ ಕಾಣಿಸಿದ ನಿಮ್ಮವರಿಗೆ ಕೈ ಮುಗಿಯಬೇಕು.

ಇಷ್ಟೇ ಆಗಿದ್ದರೆ ಅರ್ಧ ತಪ್ಪು ಅವರದ್ದು ಎಂದುಬಿಡಬಹುದಿತ್ತು. ಆದರೆ ಅದರ ಹಿಂದಿನ ಬುಧವಾರ ಆ ಹುಡುಗ ನನಗೆ ಫೋನ್ ಮಾಡಿದ್ದ. "ಅಕ್ಕಾ, ಲೋಗೋ ಇದೆಯಾ?" ಎಂದ. "ರಾತ್ರಿ ಕಳಿಸ್ತೇನೆ" ಎಂದೆ. ರಾತ್ರಿ ಹುಡುಕಿದೆ. ಸಿಗಲಿಲ್ಲ. ನಾಳೆ ನೋಡುವ ಎಂದು ಮಲಗಿದೆ. ನಾಳೆ ಮರೆತೆ. ಪುರವಣಿ ಬಂದ ಮೇಲೆ ಸಿಕ್ಕಿತು, ‘ನ್ಯೂ ಫೋಲ್ಡರ್ 3’ರ ಒಳಗೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ವೈ ಜಾಸ್ತಿ ಹಾಕಿದ್ದೆ. ಹುಡುಕುವಾಗ ವೈ ಹಾಕಿರಲಿಲ್ಲ.

ಕಾಸರಗೋಡಿನಲ್ಲಿ ಡಿಸೈನ್ ಕೆಲಸ ಮಾಡುವವರಿಗೆ ಮಾತ್ರ ಈ ತಲೆನೋವು ಗೊತ್ತು. ಇಲ್ಲಿ ಒಂದು ಊರಿಗೆ ಒಂದೇ ಹೆಸರು ಎಂದಿಲ್ಲ. ಕುಂಬಳೆಯ ಕೊನೆಗೆ ಇಂಗ್ಲಿಷಿನಲ್ಲಿ ಇ ಬರೆಯುವವರಿದ್ದಾರೆ, ಎ ಬರೆಯುವವರಿದ್ದಾರೆ. ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ. ಒಬ್ಬನೇ ಗಿರಾಕಿ ಬಿಲ್ ಪುಸ್ತಕದಲ್ಲಿ ಒಂದು, ಬೋರ್ಡಿನಲ್ಲಿ ಇನ್ನೊಂದು, ಜಿಎಸ್‌ಟಿ ಕಾಗದದಲ್ಲಿ ಮತ್ತೊಂದು ಸ್ಪೆಲ್ಲಿಂಗ್ ಇಟ್ಟುಕೊಂಡಿರುತ್ತಾನೆ. ನಾನು ಮೂರನ್ನೂ ನಂಬಿ ಮೂರು ಫೋಲ್ಡರ್ ಮಾಡಿಟ್ಟಿರುತ್ತೇನೆ.

ನನ್ನ ಬಗ್ಗೆ ಎರಡು ಮಾತು. ಹತ್ತನೆಯವರೆಗೆ ಕನ್ನಡ ಮಾಧ್ಯಮ. 2009ರಲ್ಲಿ ಕಾಸರಗೋಡು ಪೇಟೆಯ ಒಂದು ಪ್ರೆಸ್ಸಿಗೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸಕ್ಕೆ ಸೇರಿದೆ. ಮದುವೆ ಕಾಗದ, ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್ಲು. 2016ರಿಂದ ಮನೆಯಲ್ಲೇ ಕೂತು ಸ್ವಂತ ಕೆಲಸ. ಅಡಿಕೆ ವ್ಯಾಪಾರಿ, ಆಯುರ್ವೇದದ ಅಂಗಡಿ, ಟ್ಯೂಷನ್ ಸೆಂಟರ್, ಶಾಮಿಯಾನದವರು, ಹೀಗೆ ಸುಮಾರು ತೊಂಬತ್ತು ಗಿರಾಕಿಗಳು.

ಮಂಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳತಿಯೊಬ್ಬಳು ಇದ್ದಾಳೆ. ಅವಳಿಗೆ ಒಂದು ಅಂಗಡಿಯ ಲೋಗೋ ಎಂದರೆ ಹೆಚ್ಚೆಂದರೆ ಕನ್ನಡ, ಇಂಗ್ಲಿಷ್. ಕೇರಳದ ಗಡಿ ತಲಪಾಡಿ ದಾಟಿದರೆ ಮಲಯಾಳವೂ ಸೇರುತ್ತದೆ. ಲೆಕ್ಕ ಹಾಕಿ ನೋಡಿ. ಮೂರು ಲಿಪಿ. ಪ್ರತಿಯೊಂದೂ ಬೋರ್ಡಿಗೆ ಅಡ್ಡಕ್ಕೆ, ಚೀಲಕ್ಕೆ ಉದ್ದಕ್ಕೆ. ಅಷ್ಟೂ ಬಣ್ಣದಲ್ಲಿ ಒಂದು, ಬರೀ ಕಪ್ಪಿನಲ್ಲಿ ಒಂದು, ಗಾಢ ಬಣ್ಣದ ಮೇಲೆ ಹಾಕಲು ಬಿಳಿಯಲ್ಲಿ ಒಂದು. ಹದಿನೆಂಟಾಯಿತು. ಅಚ್ಚಿಗೆ ಪಿಡಿಎಫ್, ಮೊಬೈಲಿಗೆ ಪಿಎನ್‌ಜಿ ಎಂದರೆ ಮೂವತ್ತಾರು. ಒಂದು ಗೂಡಂಗಡಿಗೆ ಮೂವತ್ತಾರು ಫೈಲು!

ಅಕ್ಷರದ ಕಥೆ ಇನ್ನೊಂದು. ಪ್ರೆಸ್ಸಿನ ಕಾಲದಲ್ಲಿ ಕನ್ನಡಕ್ಕೆ ಹಳೆಯ ‘ನುಡಿ’ ಫಾಂಟುಗಳು, ಮಲಯಾಳಕ್ಕೆ ‘ಎಂಎಲ್ ಟಿಟಿ’ ಎಂದು ಶುರುವಾಗುವ ಫಾಂಟುಗಳು. ಅವು ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಜಾಗ ಇರುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಅಂಗಡಿಯ ಹೆಸರು ಬೈಗುಳ ಬರೆದ ಹಾಗೆ ಕಾಣುತ್ತದೆ. ಯುನಿಕೋಡ್ ಬಂದ ಮೇಲೆ ಇದು ತಪ್ಪಿತು ಎನ್ನುವಷ್ಟರಲ್ಲಿ ಬೇರೆ ಕಾಟ. ಡಿಸೈನ್ ಮಾಡುವ ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಪಕ್ಕಕ್ಕೆ ಬಂದು ಕೂರುತ್ತದೆ. ‘ಶ್ರೀ’ ಹೋಗಿ ‘ಶ್‌ರೀ’ ಆದ ಫ್ಲೆಕ್ಸುಗಳನ್ನು ನೀವೂ ನೋಡಿರುತ್ತೀರಿ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರ ಸೇರದ ವ್ಯಂಜನದ ವಿಶೇಷ ರೂಪಗಳಿಗೆ) ಯುನಿಕೋಡಿನಲ್ಲಿ ಪ್ರತ್ಯೇಕ ಜಾಗ ಸಿಕ್ಕಿದ್ದೇ 2008ರಲ್ಲಿ. ಅದಕ್ಕಿಂತ ಹಳೆಯ ರೀತಿಯಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಕೆಲವು ಸಲ ಚಿಲ್ಲು ಒಡೆದು ಚಂದ್ರಕಲೆ, ಅಂದರೆ ಮಲಯಾಳದ ಅರ್ಧಾಕ್ಷರದ ಚಿಹ್ನೆ, ಎದ್ದು ನಿಲ್ಲುತ್ತದೆ. ಮಲಯಾಳ ಓದುವವರಿಗೆ ಅದು ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗೆ.

ಇದಕ್ಕೆಲ್ಲ ಮದ್ದು ಒಂದೇ. ಲೋಗೋ ಮುಗಿದ ಮೇಲೆ ಅಕ್ಷರವನ್ನು ಅಕ್ಷರವಾಗಿ ಇಡದೆ ಗೆರೆಯಾಗಿ ಮಾಡಿಬಿಡುವುದು. ಕೋರೆಲ್ ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಆಯಿತು. ‘ಕರ್ವ್ ಮಾಡಿ ಕೊಡಿ’ ಎಂದು ಪ್ರೆಸ್ಸಿನವರು ಬಡಿದುಕೊಳ್ಳುವುದು ಇದನ್ನೇ. ಆಮೇಲೆ ಯಾರ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇಲ್ಲದಿದ್ದರೂ ಅಕ್ಷರ ಅಲುಗಾಡುವುದಿಲ್ಲ. ಕರ್ವ್ ಮಾಡುವ ಮೊದಲಿನ ಫೈಲನ್ನೂ ಬೇರೆ ಇಡಬೇಕು. ಇಲ್ಲದಿದ್ದರೆ ನಾಳೆ ಫೋನ್ ನಂಬರ್ ಬದಲಾಯಿಸಬೇಕಾದಾಗ ಎಲ್ಲ ಮೊದಲಿನಿಂದ.

ನನ್ನ ದೊಡ್ಡ ಪಾಠ ಬೇಕರಿಯದ್ದಲ್ಲ, ಹಪ್ಪಳದ್ದು. ಪೆರ್ಲದ ಕಡೆ ಹಲಸಿನ ಹಪ್ಪಳ ಮಾಡುವ ಹೆಂಗಸರ ಒಂದು ಗುಂಪಿಗೆ ಲೇಬಲ್ ಮಾಡಿಕೊಟ್ಟಿದ್ದೆ. ತಿನ್ನುವ ವಸ್ತುವಿನ ಪ್ಯಾಕೆಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರಲೇಬೇಕು. ಅವರು ಬೇರೆ ಕಟ್ಟಡಕ್ಕೆ ಹೋದರು, ಹೊಸ ನಂಬರ್ ಬಂತು, ನಾನು ತಿದ್ದಿದೆ. ನನ್ನ ಹತ್ತಿರ ಆಗ ಇದ್ದ ಫೈಲುಗಳು ಹೀಗೆ: ಲೇಬಲ್ ಫೈನಲ್, ಲೇಬಲ್ ಫೈನಲ್ 2, ಲೇಬಲ್ ಫೈನಲ್ ಹೊಸತು, ಲೇಬಲ್ ಫೈನಲ್ ಕೊನೆ. ‘ಕೊನೆ’ ಎಂಬುದು ಹೆಸರಿನಲ್ಲಿ ಮಾತ್ರ ಕೊನೆ. ತಿದ್ದಿದ್ದು ‘ಹೊಸತು’ ಎಂಬುದರಲ್ಲಿ. ಪ್ರೆಸ್ಸಿಗೆ ಹೋದದ್ದು ‘ಕೊನೆ’.

ಎರಡು ಸಾವಿರ ಕವರು ಹಳೆ ನಂಬರಿನಲ್ಲಿ ಅಚ್ಚಾಗಿ ಬಂತು. 6,400 ರೂಪಾಯಿ ನನ್ನ ಕೈಯಿಂದ ಹೋಯಿತು. ಅವರು ಬಯ್ಯಲಿಲ್ಲ, ಅದೇ ಕಷ್ಟ. ಗುಂಪಿನ ಹಿರಿಯರೊಬ್ಬರು ಒಂದು ಕವರು ಎತ್ತಿ ಬೆಳಕಿಗೆ ಹಿಡಿದು, "ಒಳ್ಳೆ ದಪ್ಪ ಇದೆ" ಎಂದರು. ಅಡಿಗೆ ತೂತು ಮಾಡಿ, ಮಣ್ಣು ತುಂಬಿಸಿ, ಒಳ್ಳೆಮೆಣಸಿನ ಬಳ್ಳಿ ನೆಟ್ಟರು. ಮರುವರ್ಷ ಹೋದಾಗ ಅಂಗಳದ ಬದಿಯಲ್ಲಿ ಸಾಲಾಗಿ ನನ್ನ ಲೋಗೋ, ಅದರ ಮೇಲಿನಿಂದ ಹಸಿರು ಚಿಗುರು. ಒಂದು ಫೋಟೋ ತೆಗೆದು ಕಂಪ್ಯೂಟರಿನ ತೆರೆಗೆ ಹಾಕಿಕೊಂಡಿದ್ದೇನೆ. ಅವತ್ತಿನಿಂದ ನನ್ನ ಫೈಲುಗಳಲ್ಲಿ ‘ಫೈನಲ್’ ಎಂಬ ಶಬ್ದ ಇಲ್ಲ. ತಾರೀಕು ಮಾತ್ರ. ಅದೂ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. 2024-03-18 ಎಂದು ಬರೆದರೆ ಫೈಲುಗಳು ತಾವಾಗಿಯೇ ವಯಸ್ಸಿನ ಪ್ರಕಾರ ಸಾಲಿಗೆ ನಿಲ್ಲುತ್ತವೆ. ದಿನ ಮೊದಲು ಹಾಕಿದರೆ ಎಲ್ಲ ವರ್ಷದ ಒಂದನೇ ತಾರೀಕುಗಳು ಒಟ್ಟಿಗೆ ಬಂದು ಗುಂಪು ಕೂಡುತ್ತವೆ.

ಇಷ್ಟಿದ್ದೂ ಬೇಕರಿಯದ್ದು ಹೇಗೆ ತಪ್ಪಿತು ಎಂದರೆ, ತಾರೀಕು ಸರಿ ಮಾಡಿದ್ದೆ, ಹೆಸರು ಸರಿ ಮಾಡಿರಲಿಲ್ಲ. ಈಗ ಹೆಸರನ್ನೇ ಬಿಟ್ಟೆ. ಒಂದು ಉದ್ದ ನೋಟ್ ಪುಸ್ತಕದಲ್ಲಿ ಪ್ರತಿ ಗಿರಾಕಿಗೆ ಒಂದು ನಂಬರ್. ಬೇಕರಿ 041. ಪುಸ್ತಕದಲ್ಲಿ ಹೆಸರು ಕನ್ನಡದಲ್ಲಿ, ಕಂಪ್ಯೂಟರಿನಲ್ಲಿ ಬರೀ ನಂಬರ್. (ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದಲ್ಲ ಎಂದು ನೀವು ಕೇಳಬಹುದು. ನಾನು ಇಟ್ಟು ನೋಡಿದ್ದೇನೆ. ಕೆಲವು ಪ್ರೆಸ್ಸುಗಳ ಹಳೆ ಕಂಪ್ಯೂಟರಿನಲ್ಲಿ ಅದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ.) ಒಳಗೆ ಗಿರಾಕಿ ಕೊಟ್ಟದ್ದಕ್ಕೆ ಒಂದು ಫೋಲ್ಡರು, ತಿದ್ದಬಹುದಾದ ಮೂಲಕ್ಕೆ ಒಂದು, ಅಚ್ಚಿಗೆ ಹೋದದ್ದಕ್ಕೆ ಒಂದು. ಹಳತೆಲ್ಲ ‘ಅಟ್ಟ’ಕ್ಕೆ. ಮನೆಯಲ್ಲಿ ಹಳೆ ಪಾತ್ರೆ ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ. ಬಿಸಾಡುವುದಿಲ್ಲ, ಕಾಲಿಗೂ ಸಿಗುವುದಿಲ್ಲ.

ಅಟ್ಟ ಎಂದಾಗ ಯಕ್ಷಗಾನದವರು ವೇಷ ಕಟ್ಟುವ ಚೌಕಿ ನೆನಪಾಗುತ್ತದೆ. ಪ್ರೆಸ್ಸಿನಲ್ಲಿದ್ದಾಗ ಹ್ಯಾಂಡ್‌ಬಿಲ್ಲು ಕೊಡಲು ಆಟದ ಚೌಕಿಗೆ ಹೋಗುತ್ತಿದ್ದೆ. ಪೆಟ್ಟಿಗೆಗಳು ಎಲ್ಲಿ, ಯಾವ ವೇಷದವರು ಎಲ್ಲಿ ಕೂರುವುದು, ಎಲ್ಲ ನಿಶ್ಚಯ. ದಿನಕ್ಕೊಂದು ಊರು, ದಿನಕ್ಕೊಂದು ಗದ್ದೆ, ಆದರೂ ಕಿರೀಟಕ್ಕೆ ಕೈ ಹಾಕಿದರೆ ಕಿರೀಟವೇ ಸಿಗುತ್ತದೆ. ಕುಂಬಳೆ ಸೀಮೆಯವರಾದ ನಮಗೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ, ಇದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. ನಾನು ಕಲಿಯಲು ಹದಿನೈದು ವರ್ಷ ತೆಗೆದುಕೊಂಡೆ ಅಷ್ಟೆ.

ಪ್ರತಿ ಇಡುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2018ರ ತುಲಾ ತಿಂಗಳ ಸಿಡಿಲಿಗೆ ನನ್ನ ಕಂಪ್ಯೂಟರ್ ಸುಟ್ಟಿತು. ಡಿಸ್ಕ್ ಪುಣ್ಯಕ್ಕೆ ಉಳಿಯಿತು. ಈಗ ಕಂಪ್ಯೂಟರಿನಲ್ಲಿ ಒಂದು, ಗೂಗಲ್ ಡ್ರೈವಿನಲ್ಲಿ ಒಂದು, ಪುತ್ತೂರಿನ ತಂಗಿಯ ಮನೆಯ ಕಪಾಟಿನಲ್ಲಿ ಒಂದು. ಎರಡು ತಿಂಗಳಿಗೊಮ್ಮೆ ತಂಗಿಯ ಮನೆಗೆ ಹೋಗಲು ಇದೂ ಒಂದು ನೆಪ.

ಆದರೆ ಎಲ್ಲವೂ ಕಂಪ್ಯೂಟರಿನಲ್ಲೇ ಹುಟ್ಟಿದ್ದಲ್ಲ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲ ಆಗುವಾಗ ಹೊಸಂಗಡಿ, ಉಪ್ಪಳ, ಕುಂಬಳೆಯಲ್ಲಿ ಎಷ್ಟೋ ಅಂಗಡಿಗಳ ಮುಂಭಾಗ ಹೋಯಿತು. ಉಪ್ಪಳದ ಒಬ್ಬರು ಜವಳಿ ವ್ಯಾಪಾರಿ ಹೊಸ ಕಟ್ಟಡಕ್ಕೆ ಬೋರ್ಡು ಬೇಕೆಂದು ಬಂದರು. "ಹಳೆ ಬೋರ್ಡಿನ ಫೈಲ್ ಉಂಟಾ?" ಎಂದು ಕೇಳಿದೆ. ನಕ್ಕರು. ಅವರ ಅಪ್ಪನ ಕಾಲದ ತಗಡಿನ ಬೋರ್ಡು ಅದು, ಪೈಂಟರ್ ಕೈಯಲ್ಲಿ ಬರೆದದ್ದು. ಈಗ ಹಟ್ಟಿಯ ಮಾಡಿಗೆ ಹಾಕಿದ್ದಾರಂತೆ, ನೀರು ಸೋರುತ್ತದೆ ಎಂದು.

ಹೋಗಿ ನೋಡಿದೆ. ನೀಲಿಯ ಮೇಲೆ ಹಳದಿ ಎನಾಮಲ್. ಅರ್ಧ ಅಕ್ಷರಕ್ಕೆ ತುಕ್ಕು. ‘ಜವಳಿ’ಯ ‘ಳಿ’ ಇದೆಯಲ್ಲ, ಅದರ ಬಾಲವನ್ನು ಆ ಪುಣ್ಯಾತ್ಮ ‘ವ’ದ ಅಡಿಯಿಂದ ಎಳೆದು ತಂದು ‘ಜ’ದ ಹೊಟ್ಟೆಗೆ ತಾಗಿಸಿದ್ದಾನೆ. ಒಂದೇ ಎಳೆತ, ಎಲ್ಲೂ ಕೈ ನಡುಗಿಲ್ಲ. ಮೂಲೆಯಲ್ಲಿ ಸಣ್ಣದಾಗಿ ಎರಡಕ್ಷರದ ಸಹಿ. ಏಣಿ ಹತ್ತಿ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು, ನೇರ ಮೇಲಿನಿಂದ ಹನ್ನೊಂದು ಫೋಟೋ ತೆಗೆದೆ. ಕೆಳಗೆ ಹಸು ನನ್ನ ಸೆರಗು ಎಳೆಯುತ್ತಿತ್ತು. ನಾಲ್ಕು ರಾತ್ರಿ ಕೂತು ಗೆರೆಗೆ ಗೆರೆ ಕೂಡಿಸಿದೆ. ಯಾವ ಫಾಂಟಿನಲ್ಲೂ ಆ ‘ಳಿ’ ಇಲ್ಲ. ಈಗ ಹೊಸ ಬೋರ್ಡಿನಲ್ಲಿ ಮಲಯಾಳ, ಇಂಗ್ಲಿಷ್ ಹೊಸ ಅಕ್ಷರ. ಕನ್ನಡ ಮಾತ್ರ ಹಳೆಯದೇ. ಅದು ನನ್ನ ಪುಸ್ತಕದಲ್ಲಿ 067. ‘ಗಿರಾಕಿ ಕೊಟ್ಟದ್ದು’ ಎಂಬ ಫೋಲ್ಡರಿನಲ್ಲಿ ಹಟ್ಟಿಯ ಮಾಡಿನ ಹನ್ನೊಂದು ಫೋಟೋಗಳಿವೆ. ರಸ್ತೆ ಬದಿಯ ನಿಮ್ಮ ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಬೋರ್ಡು ಉಳಿದಿದ್ದರೆ ಗುಜರಿಗೆ ಹಾಕುವ ಮೊದಲು ಹಗಲು ಬೆಳಕಿನಲ್ಲಿ ನೇರ ಎದುರಿನಿಂದ ಒಂದು ಫೋಟೋ ತೆಗೆದಿಡಲಿ.

ಈಗ ನಮ್ಮವರಿಗೆ ಸಿಟ್ಟು ಬರುವ ಮಾತು. ಮೂಲ ಫೈಲ್ ಕೊಡದಿರುವುದು ನಮ್ಮ ಕಸುಬಿನಲ್ಲಿ ಮಾಮೂಲು. ಕೊಟ್ಟರೆ ಗಿರಾಕಿ ನಾಳೆ ಬೇರೆ ಕಡೆ ಹೋಗುತ್ತಾನೆ ಎಂಬ ಹೆದರಿಕೆ. ನಾನೂ ಹಾಗೇ ಮಾಡಿದ್ದೇನೆ. ಒಬ್ಬರು ಶಾಮಿಯಾನದವರು ಮೂರು ಸಲ ಕೇಳಿದರು, ಮೂರು ಸಲವೂ "ನನ್ನ ಹತ್ತಿರವೇ ಇರಲಿ, ಬೇಕಾದಾಗ ಕಳಿಸ್ತೇನೆ" ಎಂದೆ. ನನ್ನ ಹತ್ತಿರ ಇದ್ದರೆ ಎಂತ ಆಗುತ್ತದೆ ಎಂದು ಬೇಕರಿಯ ಕಥೆಯಲ್ಲಿ ನೋಡಿದಿರಲ್ಲ. ನಾನು ಮೊದಲು ಇದ್ದ ಪ್ರೆಸ್ಸು ಈಗ ಮುಚ್ಚಿದೆ. ಅಲ್ಲಿನ ಕಂಪ್ಯೂಟರುಗಳು ಗುಜರಿಗೆ ಹೋದವು. ಏಳು ವರ್ಷ ನಾನು ಮಾಡಿದ ಲೋಗೋಗಳು, ಬೇರೆಯವರ ಅಂಗಡಿಯ ಹೆಸರುಗಳು, ಅದರೊಟ್ಟಿಗೆ ಹೋದವು.

ಗಿರಾಕಿಗಳಿಗೂ ಒಂದು ವಿಷಯ ಗೊತ್ತಿರುವುದಿಲ್ಲ. ದುಡ್ಡು ಕೊಟ್ಟ ಕೂಡಲೇ ಲೋಗೋದ ಹಕ್ಕು ತಾನಾಗಿ ತಮ್ಮದಾಯಿತು ಎಂದುಕೊಂಡಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಹಾಗಾಗಿ ಈಗ ನಾನು ಬಿಲ್ಲಿನ ಜೊತೆ ಅರ್ಧ ಪುಟ ಕನ್ನಡದಲ್ಲಿ ಬರೆದು, ಕಾಲಾವಧಿಯನ್ನೂ ನಮೂದಿಸಿ, ಸಹಿ ಹಾಕಿ ಕೊಡುತ್ತೇನೆ. ಜೊತೆಗೆ ಒಂದು ಪೆನ್‌ಡ್ರೈವ್. ಒಳಗೆ ಆ ಮೂವತ್ತಾರು ಫೈಲು, ತಿದ್ದಬಹುದಾದ ಮೂಲ, ಮತ್ತು ಒಂದು ಪುಟದ ಕಾಗದ: ಯಾವ ಫಾಂಟು, ಬಣ್ಣ ಯಾವುದು. ‘ಕೆಂಪು’ ಎಂದು ಬರೆದರೆ ಸಾಲದು. ಅಚ್ಚಿನ ನಾಲ್ಕು ಶಾಯಿಗಳ ಶೇಕಡಾ ಲೆಕ್ಕದಲ್ಲಿ ಬೇಕರಿಯ ಕೆಂಪು ಸಿಯಾನ್ 10, ಮಜೆಂಟಾ 100, ಹಳದಿ 90, ಕಪ್ಪು 5. ಅಂಗಡಿಯ ಹೆಸರಿನ ಮೂರೂ ಲಿಪಿಯ ಸ್ಪೆಲ್ಲಿಂಗ್ ಅದರಲ್ಲೇ ಬರೆಸಿ ಅವರ ಸಹಿ ತೆಗೆದುಕೊಳ್ಳುತ್ತೇನೆ. ಮುಂದೆ ಕನ್ನಡ ಅಕ್ಷರದ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕುವುದಾದರೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅದರ ಉಚ್ಚಾರ, ಅರ್ಥ ಕೊಡಬೇಕಾಗುತ್ತದೆ. ಆಗ ವೈ ಬೇಕಾ ಬೇಡವಾ ಎಂದು ಕೂತು ಜಗಳ ಮಾಡುವುದು ತಪ್ಪುತ್ತದೆ.

ಗಿರಾಕಿ ಬೇರೆ ಕಡೆ ಹೋದರಾ? ಶಾಮಿಯಾನದವರು ಹೋದರು. ಉಳಿದವರು ಹೆಚ್ಚುಕಮ್ಮಿ ಇದ್ದಾರೆ.

ನಿಮ್ಮಲ್ಲಿ ಒಂದು ಕೋರಿಕೆ. ಜಾಹೀರಾತಿನ ಅರ್ಜಿಯಲ್ಲಿ ಅಳತೆ, ದರ, ತಾರೀಕು ಎಲ್ಲ ಕೇಳುತ್ತೀರಿ. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಹಾಕಿಸಿ: ‘ಲೋಗೋವನ್ನು ಪಿಡಿಎಫ್ ರೂಪದಲ್ಲಿ, ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.’ ನಿಮ್ಮ ಏಜೆಂಟರಿಗೂ ಇದನ್ನು ಹೇಳಿಡಿ. ಅವರು ಮನೆಮನೆಗೆ ಹೋಗುವವರು, ಅವರ ಮಾತು ನಮ್ಮದಕ್ಕಿಂತ ಬೇಗ ತಲುಪುತ್ತದೆ. ಮಸುಕಾದ ಲೋಗೋ ಬಂದರೆ ಹಾಕುವ ಮೊದಲು ಒಂದು ಫೋನ್ ಮಾಡಿ. ಗಡಿಬಿಡಿಯಲ್ಲಿ ಸಾಧ್ಯವಾಗದಿದ್ದರೆ ಲೋಗೋ ಬಿಟ್ಟು ಅಂಗಡಿಯ ಹೆಸರನ್ನು ನಿಮ್ಮ ಪತ್ರಿಕೆಯ ಅಕ್ಷರದಲ್ಲೇ ಹಾಕಿ. ನಿಮ್ಮ ಕನ್ನಡ ಅಕ್ಷರ ಚಂದ ಇದೆ, ಯಾರೂ ಬೇಸರ ಮಾಡುವುದಿಲ್ಲ.

ಬೇಕರಿಯವರು ಮುಂದಿನ ತಿಂಗಳ ವಿಶೇಷಾಂಕಕ್ಕೂ ಜಾಹೀರಾತು ಕೊಡುತ್ತಾರಂತೆ. 041ರ ಪಿಡಿಎಫನ್ನು ನಿನ್ನೆ ಸಂಜೆ ನಿಮ್ಮ ಏಜೆಂಟರಿಗೆ ಡಾಕ್ಯುಮೆಂಟ್ ಆಗಿಯೇ ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬಂದಿದೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ಡಿಸೈನರ್, ನೀರ್ಚಾಲು, ಕಾಸರಗೋಡು ಜಿಲ್ಲೆ